ಗೇಜು ಕೆಟ್ಟಿದೆ ಎಂದೆ

೪ ನವೆಂಬರ್, ಸೋಮವಾರ

ಮಟಕಿಯಿಂದ ಆಳಂದಕ್ಕೆ ಬೈಕು, ಎಂಟೂ ಕಾಲಿಗೆ. ಕಿವಿಗೆ ಚಳಿ. ನನಗೆ ಬಡಗಿತನ ಕಲಿಸಿದ ಉಸ್ತಾದರು ಆಗಲೇ ಅಂಗಡಿ ತೆರೆದಿದ್ದರು. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಧತಿ — ಬೆಳಿಗ್ಗೆ ಕೊಯ್ಯುವ ಮಷೀನಿನ ಗೇಜನ್ನು, ಕಟ್ಟಿಗೆ ಒರಗಿಸಿ ತಳ್ಳುವ ಆ ಕೋನದ ಪಟ್ಟಿಯನ್ನು, ಅವರೇ ತೊಂಬತ್ತು ಡಿಗ್ರಿಗೆ ತಂದು, ಬಿಗಿದು, ಬಿಸ್ಮಿಲ್ಲಾ ಅಂದಮೇಲೆಯೇ ಬ್ಲೇಡು ತಿರುಗಬೇಕು.

ಸಾಗವಾನಿ ತುಂಡನ್ನು ಗೇಜಿಗೆ ಒರಗಿಸಿ ತಳ್ಳಿದೆ. ಕೊಯ್ದ ಮೂಲೆಗೆ ಮೂಲೆಮಟ್ಟದ ಗುನ್ಯಾ ಹಿಡಿದರೆ ನಡುವೆ ಬೆಳಕು ಕಂಡಿತು. ನಂಬಲಿಲ್ಲ. ಅಗಲ ಹಲಗೆಯೊಂದನ್ನು ಎರಡು ಮಾಡಿ, ಒಂದನ್ನು ಮಗುಚಿ, ಕೊಯ್ದ ಅಂಚಿಗೆ ಅಂಚು ಕೂಡಿಸಿದೆ. ತುದಿಯಲ್ಲಿ ಎರಡು ಸೂತದ, ಕಾಲು ಇಂಚಿನ ಸಂದು. ಈ ಪರೀಕ್ಷೆ ತಪ್ಪನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ, ಅಂದರೆ ಗೇಜು ಒಂದು ಸೂತ ಸೊಟ್ಟ.

"ಏನ್ಲೇ ದೌಲ್ಯಾ, ಗೇಜಿನ ಮ್ಯಾಲ ಭರೋಸಾ ಇಲ್ಲೇನು?" ಚಹಾ ಕುಡಿದು ಬಂದ ಉಸ್ತಾದರು ಕೇಳಿದರು.

"ಹಂಗೇನಿಲ್ರಿ. ಸುಮ್ಮ ನೋಡಾಕತ್ತೇನಿ."

ಸರಿಮಾಡಿ ಬಿಗಿದೆ. ತಿರುಪು ಸಡಿಲಾಗಿರಬೇಕು.

೫ ನವೆಂಬರ್

ಮತ್ತೆ ಸೊಟ್ಟ. ಅಷ್ಟೇ, ಅದೇ ಕಡೆಗೆ.

ತಿರುಪು ಗಟ್ಟಿ. ಗೇಜು ಜಾರುವ ಮೇಜಿನ ಕಾಲುವೆಯಲ್ಲಿ ಅದರ ಪಟ್ಟಿ ಅಲುಗಿಸಿದೆ, ಅಲುಗಲಿಲ್ಲ. ಕಾಲುವೆಯಿಂದ ಬ್ಲೇಡಿನ ಹಿಂದಿನ ಅಂಚಿಗೂ ಮುಂದಿನ ಅಂಚಿಗೂ ಅಳೆದೆ — ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವುದರಲ್ಲೂ ತಪ್ಪಿಲ್ಲ, ಬೆಳಗಾದರೆ ಮಾತ್ರ ಸೊಟ್ಟ. ಸಿಟ್ಟು ಬಂತು. ದೆವ್ವ ಬಂದು ತಿರುಗಿಸಿ ಹೋಗುತ್ತದೆಯೇ...

೭ ನವೆಂಬರ್, ಗುರುವಾರ

ಬೇಕೆಂದೇ ಬೇಗ ಹೋದೆ. ಬಾಗಿಲಲ್ಲೇ ನಿಂತೆ. ಉಸ್ತಾದರಿಗೆ ಗೊತ್ತಾಗಲಿಲ್ಲ.

ಗೇಜಿನ ಅಂಕಿಗಳಿಗೆ ಮೂಗು ತಾಗುವಷ್ಟು ಬಗ್ಗಿದ್ದರು. ಉಗುರಿನಿಂದ ಗೆರೆಗಳನ್ನು ತಡವಿದರು. ಒಂದು ಕಡೆ ನಿಂತರು. ಬಿಗಿದರು. "ಬಿಸ್ಮಿಲ್ಲಾ." ಆಮೇಲೆ ಪೆನ್ಸಿಲಿಗೆ ಕೈ ಚಾಚಿದರು, ಪೆನ್ಸಿಲಿನ ಪಕ್ಕದ ಖಾಲಿ ಮೇಜನ್ನು ಹಿಡಿದರು.

ರಸ್ತೆಯಾಚೆಯಿಂದ ಚೌಕಟ್ಟು ನೋಡಿ 'ಅರ್ಧ ಸೂತ ಎಡಕ್ಕೆ ವಾಲೇದ' ಎನ್ನುತ್ತಿದ್ದ ಮನುಷ್ಯ. ಹಿರೋಳ್ಳಿಯ ಕಡೆ ಇವತ್ತಿಗೂ ಜಹೀರುದ್ದೀನ ಅಂದರೆ ಯಾರಿಗೂ ತಿಳಿಯುವುದಿಲ್ಲ, ನಜರ್ ಉಸ್ತಾದ್ ಅನ್ನಬೇಕು. ಆ ನಜರೇ ಹೋಗುತ್ತಿದೆ. ಆ ಕೈಗಳು ದಿನವಿಡೀ ಬ್ಲೇಡಿನಿಂದ ಒಂದು ಗೇಣು ದೂರದಲ್ಲಿರುತ್ತವೆ.

ಅವರು ಚಹಾಕ್ಕೆ ಹೋದಾಗ ಗೇಜು ಸರಿಮಾಡಿಟ್ಟೆ. ಹೇಳಲಿಲ್ಲ.

೧೨ ನವೆಂಬರ್

ದಿನಾ ಅವರು ಸೊಟ್ಟ ಮಾಡುತ್ತಾರೆ, ನಾನು ನೆಟ್ಟಗೆ ಮಾಡುತ್ತೇನೆ. ಕಳ್ಳನ ಹಾಗೆ.

ಮಧ್ಯಾಹ್ನ ಅವರ ಹೆಂಡತಿ ಖಾಸೀಂಬಿ ಚಾಚಿ ಬುತ್ತಿ ತಂದರು. ಉಸ್ತಾದರು ಕೈ ತೊಳೆಯಲು ಹೋದಾಗ ದನಿ ಇಳಿಸಿ ಹೇಳಿದರು, "ಮೋತಿಬಿಂದು, ಕಣ್ಣಾಗ ಪೊರೆ ಬಂದದ ಅಂತ ಡಾಕ್ಟರ್ ಅಂದಾರ. ಆಪರೇಷನ್ ಅಂದ್ರ ಎದ್ದು ಹೊಂಟೇಬಿಡ್ತಾರ. ನೀ ಹೇಳು ಬೇಟಾ. ನಿನ್ನ ಮಾತು ಕೇಳ್ತಾರ."

ಹೇಳುತ್ತೇನೆ ಅಂದೆ.

ಸಂಜೆ ಚೌಕಟ್ಟಿನ ನಾಲ್ಕೂ ಮೂಲೆ ಮುಚ್ಚಿಕೊಂಡವು, ಉಗುರು ಹೋಗುವಷ್ಟೂ ಸಂದಿಲ್ಲ. ಉಸ್ತಾದರು ಬೆರಳಾಡಿಸಿ ನಕ್ಕರು. "ನೋಡಲೇ, ನಜರ್ ಇನ್ನಾ ಹೋಗಿಲ್ಲ." ನಾನೂ ನಕ್ಕೆ. ಆಪರೇಷನ್ ಮಾತು ಎತ್ತದೆ ಬೈಕು ಹತ್ತಿದೆ. ಹೇಡಿ ನಾನು.

೨೫ ನವೆಂಬರ್, ಸೋಮವಾರ

ದಾರಿಯಲ್ಲಿ ಬೈಕು ಪಂಕ್ಚರ್. ಅಂಗಡಿ ಮುಟ್ಟಿದಾಗ ಹತ್ತೂವರೆ. ಜೇವರ್ಗಿ ಮನೆಯ ನಾಲ್ಕು ಕಿಟಕಿಯ ಚೌಕಟ್ಟುಗಳಿಗೆ ಉಸ್ತಾದರು ಆಗಲೇ ಕೊಯ್ದು ಮುಗಿಸಿದ್ದರು. ನಾಲ್ಕೂ ಸೊಟ್ಟ.

ಜೋಡಿಸಲು ಹೋದಾಗ ಅವರ ಹೆಬ್ಬೆರಳು ಮೂಲೆಯ ಸಂದಿಗೆ ಇಳಿಯಿತು. ಎರಡನೆಯದನ್ನು ಮುಟ್ಟಿದರು. ಮೂರನೆಯದು. "ಇದ್ ಯಾರ್ ಕೊಯ್ದಾರ?" ಅಂದರು ಮೆಲ್ಲಗೆ. ಅಲ್ಲಿ ಇದ್ದವರು ನಾವಿಬ್ಬರೇ. ಆ ಮುಖ ನೋಡಲಾಗಲಿಲ್ಲ.

ನಮ್ಮ ಕಸುಬಿನಲ್ಲಿ ಉಸ್ತಾದನ ಕೈ ತಪ್ಪಿತು ಅನ್ನುವುದಿಲ್ಲ. ಉಳಿ ಮೊಂಡಾಗಿದೆ, ಕಟ್ಟಿಗೆ ಹಸಿಯಿದೆ, ಗುನ್ಯಾ ಬಿದ್ದು ಕೆಟ್ಟಿದೆ — ಹೀಗನ್ನಬೇಕು. ಅವರೇ ಕಲಿಸಿದ ಮರ್ಯಾದೆ ಇದು. ಬಾಯಿಂದ ತಾನಾಗಿಯೇ ಬಂತು.

"ಗೇಜು ಕೆಟ್ಟದ ಉಸ್ತಾದ್. ನಿಮ್ಮದೇನಿಲ್ರಿ."

"ಹೌದೇನಲೇ?" ಮುಖ ಅರಳಿತು. "ನನಗೂ ಹಂಗ ಅನ್ಸಿತ್ತು ನೋಡು." ಹೆಗಲ ಮೇಲೆ ಕೈ ಹಾಕಿದರು. ನನಗೂ ಹಗುರಾಯಿತು. ಹೊಸ ಕಟ್ಟಿಗೆ ತೆಗೆದು ನಾನೇ ಕೊಯ್ದೆ.

೨೭ ನವೆಂಬರ್, ಬುಧವಾರ. ಜೇವರ್ಗಿ

ಚೌಕಟ್ಟು ಕೂಡಿಸಲು ಬೆಳಿಗ್ಗೆ ಟೆಂಪೋದಲ್ಲಿ ಬಂದೆ. ಹೊರಡುವಾಗ ಹೇಳಿದ್ದೇನೆ, "ನಾ ಬರೂತನಕ ಮಷೀನ್ ಬ್ಯಾಡ್ರಿ. ಗೇಜು ಕೆಟ್ಟದ. ಬರೂವಾಗ ಹೊಸಾದು ತರ್ತೇನಿ." ಆಯ್ತು ಹೋಗು, ಅಂದರು.

ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳಬಹುದಿತ್ತು. ಕೈ ಅಲ್ಲಿಯವರೆಗೆ ಹೋಗಿತ್ತು. ಅವರ ಅಂಗಡಿ, ಅವರ ಮಷೀನು. ಬಿಟ್ಟು ಬಂದೆ.

ಎರಡು ಕಿಟಕಿ ಆಯಿತು. ಗಾರೆಯವನು ಊಟಕ್ಕೆ ಹೋಗಿದ್ದಾನೆ.

ಮಧ್ಯಾಹ್ನ ೧೨:೪೦

ಉಸ್ತಾದರಿಗೆ ಫೋನ್ ಮಾಡಿದೆ. ಖುಷಿಯಲ್ಲಿದ್ದರು.

"ಆ ಹಾಳ ಗೇಜು ಮೂಲ್ಯಾಗ ಒಗದೇನಿ. ನಮ್ಮ ಕಾಲದಾಗ ಗೇಜು ಎಲ್ಲಿತ್ತಲೇ? ಎರಡೂ ಕೈಲೇ ಹಿಡದು ತಳ್ಳಾಕತ್ತೇನಿ. ಬೆಣ್ಯಾಗ ಹೋದಂಗ ಹೊಂಟದ."

ಗೇಜಿಲ್ಲದೆ ಅಡ್ಡ ಕೊಯ್ಯುವುದು. ಕಟ್ಟಿಗೆ ಒಂದಿಷ್ಟು ತಿರುಗಿದರೂ ಬ್ಲೇಡು ಕಚ್ಚಿ ಎಳೆಯುತ್ತದೆ, ಹಿಡಿದ ಕೈಯೂ ಜೊತೆಗೆ ಹೋಗುತ್ತದೆ. ಕಣ್ಣು ಚೆನ್ನಾಗಿರುವವರೇ ಮಾಡಬಾರದ್ದು.

"ಬ್ಯಾಡ್ರಿ ಉಸ್ತಾದ್. ಗೇಜು ಸರಿ ಅದರಿ. ನಿಮ್ಮ ಕಣ್ಣು—"

ಅಷ್ಟರಲ್ಲಿ ಮಷೀನು ಶುರುವಾಯಿತು. ಕೇಳಿಸಿತೋ ಇಲ್ಲವೋ. ಫೋನ್ ಕಟ್.

೧೨:೫೫

ರಿಂಗಾಗುತ್ತದೆ, ಎತ್ತುವುದಿಲ್ಲ. ನಾಲ್ಕು ಸಲ. ಚಾಚಿಗೆ ಮಾಡಿದೆ. ಮನೆ ಎರಡೇ ಗಲ್ಲಿ ಆಚೆ. "ಚಾಚಿ, ಅಂಗಡಿಗೆ ಹೋಗ್ರಿ, ಲಗೂನ ಹೋಗ್ರಿ." "ಹೊಂಟೇನಿ ಬೇಟಾ" ಅಂದರು, ಯಾಕೆ ಎಂದು ಕೇಳಲೂ ಇಲ್ಲ.

ಆಳಂದಕ್ಕೆ ಹೋಗಲು ಕಲಬುರಗಿ ಬಸ್ಸು ಒಂದೂ ಕಾಲಿಗೆ. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ವಾರ ಗೇಜು ಸರಿಮಾಡಿ ಅವರಿಗೆ ಇಲ್ಲದ ಕಣ್ಣು ಕೊಟ್ಟವನು ನಾನು. ಮರ್ಯಾದೆ ಅಂದುಕೊಂಡೆ. ನಿಮಗೆ ಕಾಣುತ್ತಿಲ್ಲ ಅಂದಿದ್ದರೆ ಬೈಯುತ್ತಿದ್ದರು, ಒಂದು ವಾರ ಮಾತು ಬಿಡುತ್ತಿದ್ದರು. ಅಷ್ಟೇ ತಾನೆ.

೧:೧೦

ಚಾಚಿಯ ಫೋನು. ಹಿಂದೆ ಬ್ಲೇಡಿನ ಸದ್ದು — ಕಟ್ಟಿಗೆ ತಾಗದೆ ಬರಿದೇ ತಿರುಗುವ ಸದ್ದು.

"ಉಸ್ತಾದ್ ಎಲ್ಲಿ ಅದಾರ್ರಿ?" ಅಂದೆ.

"ಇದನ್ನ ಹ್ಯಾಂಗ ಬಂದ್ ಮಾಡೂದು, ಬೇಟಾ?"

ಕೆಂಪು ಗುಂಡಿ ಒತ್ತರಿ ಅಂದೆ. ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಆಮೇಲೆ ಅವರು ಅಂದರು, "ಕೆಳಗ ಬಿದ್ದಾರ, ಬೇಟಾ. ಜೀವ ಅದ, ಕೈ ಇಲ್ಲ."