ಫೋನಿನ ಡಾಕ್ಟರಿಗೆ ಕಾಲು ತೋರಿಸಿ
ಅತ್ತೆ,

ಅಂಗನವಾಡಿ ಮೀಟಿಂಗಿಗೆ ನ್ಯಾಮತಿಗೆ ಹೊರಟೆ. ಮನಸ್ಸೆಲ್ಲ ಇಲ್ಲೇ ಐತೆ.

ನನ್ನ ಫೋನು ಮನೇಲೇ ಬಿಟ್ಟಿದೀನಿ. ಹನ್ನೊಂದಕ್ಕೆ ಆ ಡಾಕ್ಟರು ಮತ್ತೆ ವಿಡಿಯೋ ಕಾಲ್ ಮಾಡ್ತಾರೆ. ಪಕ್ಕದ ಮನೆ ರುಹೀನಾ ಬಂದು ಫೋನ್ ಹಿಡ್ಕೊಳ್ತಾಳೆ.

ನಿನ್ನೆ ಥರ ಮಾಡಬೇಡಿ. ಅವರು ಹೆಂಗಿದೀರಿ ಅಂದ್ರೆ ಆರಾಮ್ ಅಂದ್ರಿ, ಊಟ ಆಯ್ತಾ ಅಂತ ಅವರನ್ನೇ ಕೇಳಿದ್ರಿ. ಹುಣ್ಣು ತೋರಿಸಿ ಅಂದಾಗ ಸೀರೆ ಎಳ್ಕೊಂಡು ಕಾಲು ಮುಚ್ಚಿದ್ರಿ. ಓದಿದವರ ಮುಖಕ್ಕೆ ಕಾಲು ಚಾಚಿದ್ರೆ ಪಾಪ ಅಂತೀರಿ. ಅವರು ಫೋನ್ ಮಾಡಿದ್ದೇ ಕಾಲು ನೋಡಾಕೆ ಅಲ್ವಾ?

ನಿನ್ನೆ ಸಿಟ್ಟು ಬಂದಿತ್ತು, ಈಗ ಬರೀ ಹೆದರಿಕೆ. ಮಾವನೂ ಕಾಲ್ಬೆರಳಿನ ಗಾಯನ ಪಂಚೆಯೊಳಗೆ ಮುಚ್ಕೊಂಡು ಆರಾಮ್ ಅಂತಲೇ ಇದ್ರು. ಆಮೇಲೆ ಕಾಲೇ ತೆಗೆಸಬೇಕಾಯ್ತು. ನಿಮಗೂ ಶುಗರ್ ಐತೆ.

ಮೆತ್ತಿರೋ ಅರಿಶಿನ ತೊಳೀರಿ, ಹುಣ್ಣು ಕಾಣಲಿ. ಬಾಗಿಲ ಹತ್ರ ಬೆಳಕಿಗೆ ಕೂತ್ಕೊಳ್ಳಿ. ರೊಟ್ಟಿ ಡಬ್ಬೀಲಿ ಐತೆ, ತಿಂದು ಗುಳಿಗೆ ತಗೊಳ್ಳಿ.

ಇಷ್ಟಾದ್ರೂ ತಪ್ಪು ಅನಿಸಿದ್ರೆ ಮೊದಲು ಫೋನಿಗೆ ಕೈ ಮುಗೀರಿ, ಆಮೇಲೆ ಕಾಲು ತೋರಿಸಿ. ನಗಬೇಡ ಅಂತ ರುಹೀನಾಗೆ ಹೇಳಿದೀನಿ.

ಸುನೀತಾ