ತೇಲೂರಿನ ಹೊರಬಾಗಿಲು

ತೇಲೂರು,
ಉಬ್ಬರಮಾಸದ ಮೂವತ್ತೆಂಟನೆಯ ದಿನ, ೨೩೧೭

ಮುನ್ನೂರು ವರ್ಷ ಹಿಂದಿನವರೇ,

ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳೂ ಇಲ್ಲ, ಇಂಥ ದಿನವೂ ಇಲ್ಲ ಎಂದು ಬಲ್ಲೆ. ಕಡಲು ದಡ ದಾಟಿ ಒಳಗೆ ಬಂದ ಮೇಲೆ ನಮ್ಮ ಹಿರಿಯರು ವರ್ಷವನ್ನು ನೀರಿನ ಏರಿಳಿತಕ್ಕೆ ಹೊಂದಿಸಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಿ. ಮಾತಿಗಷ್ಟೇ ಈ ಕ್ಷಮೆ. ಹೇಳಲಿರುವ ಸಂಗತಿಗೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ನನ್ನ ಹೆಸರು ದೇಮಕ್ಕ ಖಾರ್ವಿ. ನದಿ ಕಡಲನ್ನು ಸೇರುವಲ್ಲಿ, ಸರಪಳಿ ಕಟ್ಟಿದ ತೆಪ್ಪಗಳ ಮೇಲೆ ನಿಂತಿರುವ ಊರು ನಮ್ಮದು. ಮನೆಗಳು ಉಬ್ಬರದೊಡನೆ ಏರುತ್ತವೆ, ಇಳಿತದೊಡನೆ ಇಳಿಯುತ್ತವೆ. ಹೊಸದಾಗಿ ಬಂದವರಿಗೆ ಮೊದಲ ವಾರ ಹೊಟ್ಟೆ ತೊಳೆಸುತ್ತದೆ. ಇಲ್ಲಿ ಹುಟ್ಟಿದವರಿಗೆ ಗಟ್ಟಿ ನೆಲದ ಮೇಲೆ ನಿಂತರೆ ತಲೆ ತಿರುಗುತ್ತದೆ. ತೆಪ್ಪಗಳಡಿ ಹಗ್ಗ ಇಳಿಬಿಟ್ಟು ಬಳಚು, ಅಂದರೆ ತಿನ್ನುವ ಕಪ್ಪೆಚಿಪ್ಪು, ಬೆಳೆಸುತ್ತೇವೆ, ಚಾವಣಿಗಳ ಮೇಲೆ ಬಸಳೆ ಹಬ್ಬಿಸುತ್ತೇವೆ, ಮಳೆನೀರು ಹಿಡಿದಿಟ್ಟುಕೊಳ್ಳುತ್ತೇವೆ. ಮೀನಿನ ಕಾಲದಲ್ಲಿ ಅರ್ಧ ಊರು ದೂರದ ಕಡಲಿನಲ್ಲಿರುತ್ತದೆ.

ನೀವು ಇಮೇಲ್ ಎನ್ನುತ್ತಿದ್ದುದನ್ನು ನಾವು ಓಲೆ ಎನ್ನುತ್ತೇವೆ. ಊರಿಗೆಲ್ಲ ಸೇರಿ ಒಂದೇ ಓಲೆಗೂಡು. ಅದನ್ನು ನನ್ನ ಅಣ್ಣ ಗಣಪು ನೋಡಿಕೊಳ್ಳುತ್ತಾನೆ. ಕಡಲಿಗೆ ಹೋದವರ ಓಲೆಗಳು ಸಣ್ಣ ರೇಡಿಯೋದಲ್ಲಿ ಆ ಗೂಡಿಗೆ ಬಂದು ಬೀಳುತ್ತವೆ, ಅಲ್ಲಿಂದ ಹೊರಗೆ ಹೋಗುತ್ತವೆ. ನಿಮ್ಮ ಪಾಸ್‌ವರ್ಡ್‌ಗೆ ನಮ್ಮಲ್ಲಿ ಗುಟ್ಟುಪದ ಎಂದು ಹೆಸರು.

ಹೋದ ಇಳಿತಮಾಸದಲ್ಲಿ ದಡಮಂಡಳಿಯಿಂದ ಓಲೆ ಬಂತು. ದಡಮಂಡಳಿ ಎಂದರೆ ಗಟ್ಟಿ ನೆಲದ ಮೇಲೆ ಕುಳಿತು ನೀರಿನ ಮೇಲಿನವರನ್ನು ಆಳುವ ಕಚೇರಿ. ತೇಲೂರನ್ನು ಬಿಚ್ಚಿ ನಮ್ಮನ್ನು ಘಟ್ಟದ ಮೇಲಿನ ವಸತಿಗೆ ಸಾಗಿಸುವುದಾಗಿಯೂ, ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ವಿರೋಧಿಸಿದರೆ ಮಾತ್ರ ಕೈಬಿಡುವುದಾಗಿಯೂ, ಗಡುವಿನ ದಿನ ಹೊತ್ತು ಮುಳುಗುವುದರೊಳಗೆ ಉತ್ತರ ಬರೆಯದವರನ್ನು ಒಪ್ಪಿದವರೆಂದೇ ತಿಳಿಯುವುದಾಗಿಯೂ ಅದರಲ್ಲಿತ್ತು. ಅದೇ ವಾರ ಮಂಡಳಿ ಎಲ್ಲ ಓಲೆಗೂಡುಗಳ ತಂತ್ರಾಂಶವನ್ನು ನವೀಕರಿಸಿ, ಗುಟ್ಟುಪದ ಬದಲಿಸಿಕೊಳ್ಳಿ ಎಂದು ಆಜ್ಞೆ ಹೊರಡಿಸಿತು. ಗಣಪು ಬದಲಿಸಿದ. ಓಲೆಗಳು ಬರುತ್ತಲೇ ಇದ್ದವು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಊರಲ್ಲಿದ್ದವರು, ಕಡಲಲ್ಲಿದ್ದವರು, ಎಲ್ಲರೂ ಒಪ್ಪುವುದಿಲ್ಲವೆಂದು ಬರೆದರು. ನಮ್ಮ ಸೋದರತ್ತೆ ಸಾಂಕವ್ವ ಬಳಚಿನ ಹಗ್ಗ ಹೆಣೆಯುವ ಕೈಯಲ್ಲೇ ತಾನೇ ಬರೆದಳು.

ಗಡುವಿನ ಕೊನೆಯ ದಿನ ಬೆಳಿಗ್ಗೆ ಮಂಡಳಿಯ ದೋಣಿ ಬಂತು. ಅದರಿಂದ ಇಳಿದ ಅಧಿಕಾರಿಣಿ ಇಂದ್ರಾಯಿಣಿ ಒಳ್ಳೆಯ ಮಾತಿನ ಹೆಂಗಸು. ಸರಪಳಿ ಬಿಚ್ಚುವ ಆಳುಗಳನ್ನು ಜೊತೆಗೇ ಕರೆತಂದಿದ್ದಳು.

"ನಿಮ್ಮೂರಿಂದ ಒಂದೇ ಒಂದು ವಿರೋಧವೂ ಬಂದಿಲ್ಲ. ಇಷ್ಟು ಶಾಂತವಾಗಿ ಒಪ್ಪಿದ್ದಕ್ಕೆ ಧನ್ಯವಾದ," ಎಂದಳು.

ಸಾಂಕವ್ವ ಎದ್ದು ನಿಂತಳು. "ಒಪ್ಪಿದ್ದು ಯಾರೇ? ನಾ ಬರ್ದದ್ದು ಎಲ್ಲಿಗೆ ಹೋಯ್ತು ಹಂಗಾರೆ?"

ನಾನೂ ಗಣಪುವೂ ಓಲೆಗೂಡಿಗೆ ಓಡಿದೆವು. ಕಳುಹಿಸಬೇಕಾದ ಓಲೆಗಳ ತಟ್ಟೆ, ಅಂದರೆ ನಿಮ್ಮ ಔಟ್‌ಬಾಕ್ಸ್, ತೆರೆದರೆ ಊರಿಗೆ ಊರೇ ಅಲ್ಲಿ ಕುಳಿತಿತ್ತು. ಒಂದು ಓಲೆಯೂ ಹೊರಟಿರಲಿಲ್ಲ. ಗಣಪು ಮಂಡಳಿಯ ಸಹಾಯವಾಣಿಗೆ ಕರೆ ಮಾಡಿದ. ಅಲ್ಲಿನ ಯಂತ್ರದ ದನಿ ಬೆಣ್ಣೆಯಂತೆ ಹೇಳಿತು: ಹಳೆಯ ಖಾತೆಯನ್ನು ಅಳಿಸಿ, ಹೊಸದಾಗಿ ತೆರೆಯಿರಿ, ಸಮಸ್ಯೆ ಬಗೆಹರಿಯುತ್ತದೆ. ಗಣಪುವಿನ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿತ್ತು. ನಾನು ಅವನ ಮಣಿಕಟ್ಟು ಹಿಡಿದೆ.

"ಅಳ್ಸಿದ್ರೆ ತಟ್ಟೆಯೂ ಖಾಲಿ ಆಗ್ತದೆ. ಕಡಲಲ್ಲಿ ಇದ್ದವರತ್ರ ಮತ್ತೆ ಬರೆಸುದು ಹೆಂಗೆ?"

"ಮತ್ತೆಂತ ಮಾಡುದೆ? ಹೊತ್ತು ಮುಳುಗಿದ್ರೆ ಮುಗೀತು!" ಎಂದು ಅವನು ಕೂಗಿದ. ಅವನ ಕಣ್ಣಲ್ಲಿ ನೀರಿತ್ತು.

ನನಗೂ ಭಯವಾಗಿತ್ತು. ಆದರೆ ಭಯಕ್ಕಿಂತ ಸಿಟ್ಟು ದೊಡ್ಡದಿತ್ತು. ನಮ್ಮ ಬಾಯಿ ಮುಚ್ಚಿಸಿ, ಆಮೇಲೆ ನಮ್ಮ ಮೌನಕ್ಕೆ ಧನ್ಯವಾದ ಹೇಳಲು ಬಂದಿದ್ದರಲ್ಲ! ಬೇಕೆಂದೇ ಮಾಡಿದ್ದರೋ, ತಿಳಿಯದೆ ಆದದ್ದೋ, ಇಂದಿಗೂ ಗೊತ್ತಿಲ್ಲ. ಗಣಪುವನ್ನು ಸರಿಸಿ ನಾನೇ ಕುಳಿತೆ. ಓಲೆ ಬರುತ್ತಿದೆ, ಹೋಗುತ್ತಿಲ್ಲ. ಹಾಗಾದರೆ ಬರುವ ಬಾಗಿಲು ಬೇರೆ, ಹೋಗುವ ಬಾಗಿಲು ಬೇರೆ ಇರಬೇಕು. ಖಾತೆಯ ವಿವರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನಿಜಕ್ಕೂ ಎರಡಿದ್ದವು. ಗಣಪು ಹೊಸ ಗುಟ್ಟುಪದವನ್ನು ಬರುವ ಬಾಗಿಲಿಗೆ ಮಾತ್ರ ಕೊಟ್ಟಿದ್ದ. ಹೋಗುವ ಬಾಗಿಲಿನಲ್ಲಿ ಹಳೆಯದೇ ಇತ್ತು. ಗುಟ್ಟುಪದ ಬರೀ ಚುಕ್ಕೆಗಳಾಗಿ ಕಾಣುವುದರಿಂದ ಹಳೆಯದೋ ಹೊಸದೋ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಹಳೆಯ ಗುಟ್ಟುಪದ ಅಳಿಸಿ ಹೊಸದನ್ನು ಬರೆದೆ. ಕಳುಹಿಸಿದೆ. ಹೋಗಲಿಲ್ಲ. ನಾನು ಅದೇ ಪುಟವನ್ನು ಮತ್ತೆ ಮೇಲಿನಿಂದ ಓದಿದೆ. ನವೀಕರಣದ ಸೂಚನೆಯಲ್ಲಿ ಹೊರಬಾಗಿಲಿಗೆ ಬೇರೆ ಸಂಖ್ಯೆ ಕೊಟ್ಟಿದ್ದರು. ನಮ್ಮ ಗೂಡು ಇನ್ನೂ ಹಳೆಯ ಸಂಖ್ಯೆಯ ಬಾಗಿಲನ್ನೇ ತಟ್ಟುತ್ತಿತ್ತು. ಅದನ್ನೂ ಬದಲಿಸಿದೆ.

ಮೊದಲ ಓಲೆ ಹೊರಟಿತು. ಅದರ ಹಿಂದೆ ಇನ್ನೊಂದು. ಹೊರಗೆ ಇಂದ್ರಾಯಿಣಿಯ ಕೈಯಲ್ಲಿದ್ದ ಓಲೆ ಓದುವ ಫಲಕ ಟಿಣ್ ಎಂದಿತು, ಮತ್ತೆ ಟಿಣ್ ಎಂದಿತು, ಆಮೇಲೆ ನಿಲ್ಲಲೇ ಇಲ್ಲ. ಜನ ತೆಪ್ಪದ ಅಂಚಿನಲ್ಲಿ ಗುಂಪುಗೂಡಿದರು. ಅವಳ ಫಲಕದ ಮೇಲೆ ಕಡಲಲ್ಲಿದ್ದ ಗಂಡಂದಿರ, ಹೆಣ್ಣುಮಕ್ಕಳ ಹೆಸರುಗಳು ಮೂಡಿದಂತೆಲ್ಲ ಮನೆಯವರು ಗಟ್ಟಿಯಾಗಿ ಕೂಗಿ ಹೇಳಿದರು. ವಿರೋಧದ ಓಲೆಗಳು ಅರ್ಧ ಊರಿನ ಲೆಕ್ಕ ದಾಟಿದಾಗ ಅವಳು ಕೈಯೆತ್ತಿದಳು.

"ಸಾಕು, ಅರ್ಥವಾಯಿತು. ನಾವು ಹೊರಡುತ್ತೇವೆ."

ಸಾಂಕವ್ವ ದೋಣಿಯ ಹಗ್ಗದ ಮೇಲೆ ಕಾಲಿಟ್ಟಳು. "ಕೂತ್ಕೊ ತಂಗಿ. ಎಲ್ಲರದ್ದೂ ಬರ್ಲಿ. ಒಬ್ಬೊಬ್ಬರದ್ದೂ ಓದ್ಕೊಂಡೇ ಹೋಗು."

ಅವಳು ಕುಳಿತಳು. ಕೊನೆಯ ಓಲೆಯವರೆಗೂ ಓದಿದಳು. ಓದಿ ಮುಗಿಸಿ ನೀರು ಕೇಳಿದಳು, ಕೊಟ್ಟೆವು. ಸರಪಳಿ ಬಿಚ್ಚಲು ಬಂದ ಆಳುಗಳು ನಮ್ಮ ಬಳಚಿನ ಸಾರು ಉಂಡು, ಬಂದ ದೋಣಿಯಲ್ಲೇ ಹಿಂತಿರುಗಿದರು.

ಗೆದ್ದುಬಿಟ್ಟೆವೆಂದು ನಾನು ಹೇಳುವುದಿಲ್ಲ. ಮಂಡಳಿ ನಮ್ಮ ವಿದ್ಯುತ್ತನ್ನು ಅರ್ಧಕ್ಕಿಳಿಸಿದೆ, ಹೊಸ ಆದೇಶವೊಂದನ್ನು ಸಿದ್ಧಪಡಿಸುತ್ತಿದೆಯಂತೆ. ಬರೆಯಲಿ. ಊರಿನ ಪ್ರತಿಯೊಬ್ಬರಿಗೂ ಈಗ ಹೊರಬಾಗಿಲು ಸರಿಪಡಿಸುವುದು ಗೊತ್ತು. ಗಣಪು ಎಲ್ಲರನ್ನೂ ಸಂತೆಯ ತೆಪ್ಪದ ಮೇಲೆ ಕೂರಿಸಿಕೊಂಡು ಅದನ್ನು ಕಲಿಸುತ್ತಾನೆ, ತಪ್ಪು ಮಾಡಿದವರನ್ನು ಬೈಯುತ್ತಾನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು ಎಂಬ ಆ ಸಾಲು ನಿಮ್ಮ ಕಾಲದ ಯಾವುದೋ ಕಚೇರಿಯಲ್ಲಿ, ಯಾರದೋ ಮೇಜಿನ ಮೇಲೆ ಹುಟ್ಟಿದ್ದು. ಅದು ನಿಮ್ಮ ಮುಂದೆ ಬಂದಾಗ ಸಹಿ ಹಾಕಬೇಡಿ. ಹೊಡೆದು ಹಾಕಿ. ಹೊಡೆದು ಹಾಕುವ ಅಧಿಕಾರ ನಿಮಗಿಲ್ಲದಿದ್ದರೆ ಎದ್ದು ನಿಂತು ಜಗಳವಾಡಿ. ಜಗಳದಲ್ಲಿ ಸೋತರೂ ಚಿಂತೆಯಿಲ್ಲ, ಮುಂದಿನದನ್ನು ನಾವು ಇಲ್ಲಿಂದ ನೋಡಿಕೊಳ್ಳುತ್ತೇವೆ.

ನಿಮ್ಮ ಮುಂದಿನವಳು,
ದೇಮಕ್ಕ ಖಾರ್ವಿ