ಪರದೆ ಎಳೆಯುವ ತೋಳು

ಪ್ರೀತಿಯ ಅಕ್ಕನಿಗೆ,

ಕಳೆದ ಸಲ ಬಂದಾಗ ‘ಏನೋ ಇದು, ಸೊರಗಿ ಕಡ್ಡಿಯಾಗಿದ್ದೀಯಲ್ಲ’ ಎಂದು ನೀನು ಅತ್ತುಬಿಟ್ಟೆ. ಆಗ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ.

ಡಾಕ್ಟರು ಹೇಳಿದ್ದಕ್ಕೆ ನಲವತ್ತು ಕಿಲೋ ಇಳಿಸಿದೆನಲ್ಲ, ಅದಾದ ಮೇಲೆ ಒಂದು ಸಂಜೆ ನಾಟಕ ಶುರುವಾಗುವಾಗ ಎಂದಿನಂತೆ ಪರದೆಯ ಹಗ್ಗಕ್ಕೆ ಜೋತುಬಿದ್ದೆ. ಪರದೆ ಅರ್ಧ ಏರಿ ಮತ್ತೆ ಇಳಿಯಿತು. ನಾನು ಮೇಲಕ್ಕೆ ಹೋದೆ. ಕಾಲ ಕೆಳಗೆ ನೆಲವಿರಲಿಲ್ಲ. ದೀಪದ ಬೆಳಕಿನಲ್ಲಿ ಧೂಳಿನ ಕಣಗಳ ಜೊತೆ ನಾನೂ ತೇಲುತ್ತಿದ್ದೆ. ನಿಜ ಹೇಳಬೇಕೆಂದರೆ, ಹಿತವಾಗಿತ್ತು.

ಇಪ್ಪತ್ತು ವರ್ಷ ಆ ಪರದೆ ಎತ್ತಿದ್ದು ನನ್ನ ಹೊಟ್ಟೆಯೇ ಹೊರತು ತೋಳಲ್ಲ ಎಂದು ಇಳಿದ ಮೇಲೆ ತಿಳಿಯಿತು. ಮ್ಯಾನೇಜರ್ ಬೈಯಲಿಲ್ಲ. ‘ಟಿಕೆಟ್ ಕೌಂಟರಲ್ಲಿ ಕೂತ್ಕೋಪ್ಪ, ಇಲ್ಲಿದ್ರೆ ಹಾರಿ ಹೋಗ್ತೀಯ’ ಅಂದರು.

ಏಳು ತಿಂಗಳು ಅಲ್ಲಿ ಕೂತೆ. ದಿನಾ ಬೆಳಿಗ್ಗೆ ನೀರು ತುಂಬಿದ ಕ್ಯಾನುಗಳನ್ನು ಎತ್ತಿ ಇಳಿಸಿದೆ, ಡಾಕ್ಟರು ಹೇಳಿದಷ್ಟು ಮೊಟ್ಟೆ ತಿಂದೆ. ಜೋಲುಬಿದ್ದ ಚರ್ಮದೊಳಗೆ ಯಾರೋ ಸದ್ದಿಲ್ಲದೆ ಹಗ್ಗ ಹೊಸೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಮೊನ್ನೆ ಭಾನುವಾರ ಮ್ಯಾನೇಜರನ್ನು ಕೇಳಿಕೊಂಡು ಮತ್ತೆ ಹಗ್ಗ ಹಿಡಿದೆ. ಕಾಲೂರಿ ನಿಂತು ತೋಳಿನಿಂದಲೇ ಎಳೆದೆ. ಪರದೆ ಮಂಜಿನಂತೆ ಮೆಲ್ಲಗೆ ಮೇಲೇರಿತು. ಸಭೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ಎಲ್ಲರ ಕಣ್ಣು ನಾಟಕದ ರಾಣಿಯ ಮೇಲಿತ್ತು. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ ಅಕ್ಕ.

ಮುಂದಿನ ವಾರ ಬಂದು ಅಳತೆ ತೆಗೆದುಕೋ, ಎರಡು ಅಂಗಿ ಹೊಲಿದುಕೊಡಬೇಕು. ಈ ಸಲ ತೋಳಿನ ಹತ್ತಿರ ಸ್ವಲ್ಪ ಸಡಿಲ ಬಿಡು.

ನಿನ್ನ ತಮ್ಮ